ಕೆಂಪುಕಲ್ಲಿನ ಕೆಳಗಿನ ಉಸಿರು

ಬೀದರ್ ಊರು ಕೂತಿರುವುದು ಕೆಂಪುಕಲ್ಲಿನ ದೊಡ್ಡದೊಂದು ಹಾಸಿನ ಮೇಲೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಕಡಿದದ್ದು ಈ ಕಲ್ಲಿನಲ್ಲೇ, ಹಳೆಯ ಗೋಡೆಗಳಿಗೆ ಬಣ್ಣ ಬಂದದ್ದೂ ಇದರಿಂದಲೇ. ಹತ್ತಾರು ಮೀಟರ್ ದಪ್ಪದ ಈ ಜಂಬಿಟ್ಟಿಗೆಯ ಕೆಳಗೆ ಮಾಸಲು ಬಣ್ಣದ ಜೇಡಿ, ಅದರ ಕೆಳಗೆ ದಖ್ಖನ್ನಿನ ಕರಿಕಲ್ಲು. ಮಳೆನೀರು ಮೇಲಿನ ತೂತುಕಲ್ಲಿನಲ್ಲಿ ಸರಾಗ ಇಳಿದು, ಜೇಡಿ ಮುಟ್ಟಿದಲ್ಲಿ ದಾರಿ ಸಿಗದೆ ಅಡ್ಡ ಹರಿದು, ಹಾಸು ಮುಗಿಯುವ ಅಂಚಿನಲ್ಲಿ ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರು ದಾಟಿ ದೇವರ ಮುಂದೆ ನಿಲ್ಲುತ್ತಾರಲ್ಲ, ಆ ನೀರು ಈ ನೆಲದ್ದು. ಗುರುನಾನಕ್ ಝೀರಾದ ಒರತೆ, ಪಾಪನಾಶದ ಒರತೆ, ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ತೋಡಿದ ಸುರಂಗ ಬಾವಿ ಎಲ್ಲವೂ ಇದೇ ನೆಲವನ್ನು ನಂಬಿಕೊಂಡವು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆರು ನೂರು ವರ್ಷದ ಹಿಂದೆಯೇ ಬಲ್ಲವರಾಗಿದ್ದ ಈ ಊರಿನ ಜನ, ಆ ನೀರಿನೊಳಗೆ ಬದುಕಿರುವವರು ಯಾರು ಎಂದೂ ಈಗ ಕೇಳಬೇಕು. ಅಂತರ್ಜಲದಲ್ಲಿ ಕಬ್ಬಿಣವನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳ ಹೊಸ ಪ್ರಭೇದಗಳನ್ನು ಹುಡುಕಿ ಹೆಸರಿಡುವ ಕೆಲಸಕ್ಕೆ ಬೀದರ್, ಭಾಲ್ಕಿ, ಔರಾದ್‌ಗಳಷ್ಟು ತಕ್ಕ ನೆಲ ನಮ್ಮ ರಾಜ್ಯದಲ್ಲಿ ವಿರಳ. ಆ ಕೆಲಸವನ್ನು ಇಲ್ಲಿಯವರೇ, ಇಲ್ಲಿಯ ಪ್ರಯೋಗಾಲಯಗಳಲ್ಲಿ, ಜೀವಿಗಳನ್ನು ನಿಜವಾಗಿ ಬೆಳೆಸಿ ಮಾಡಬೇಕು ಎಂಬುದು ಈ ಲೇಖನದ ವಾದ.

ಕಬ್ಬಿಣ ಉಸಿರಾಡುವುದೆಂದರೇನು? ತಿಂದ ಅನ್ನದಿಂದ ನಾವು ಶಕ್ತಿ ಪಡೆಯುವಾಗ ಎಲೆಕ್ಟ್ರಾನುಗಳು ಕೈಯಲ್ಲಿ ಉಳಿಯುತ್ತವೆ. ಅವನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ, ಉಸಿರಾಟದ ಒಳಗುಟ್ಟು ಅಷ್ಟೇ. ಗಾಳಿ ಸುಳಿಯದ ನೆಲದಡಿ ಕೆಲವು ಬ್ಯಾಕ್ಟೀರಿಯಾಗಳು ಅದೇ ಎಲೆಕ್ಟ್ರಾನುಗಳನ್ನು ತುಕ್ಕಿಗೆ, ಅಂದರೆ ಫೆರಿಕ್ ಕಬ್ಬಿಣಕ್ಕೆ ಕೊಡುತ್ತವೆ. ತುಕ್ಕು ಆಗ ಫೆರಸ್ ಕಬ್ಬಿಣವಾಗಿ ನೀರಿನಲ್ಲಿ ಕರಗಿ ಹೋಗುತ್ತದೆ. ಇದು ಬಡವರ ಉಸಿರಾಟ: ಅಸಿಟೇಟಿನ ಒಂದೇ ಒಂದು ಅಣುವನ್ನು ಪೂರ್ತಿ ಅರಗಿಸಲು ಎಂಟು ಫೆರಿಕ್ ಅಯಾನುಗಳು ಬೇಕು. ಮಣ್ಣಿನಲ್ಲಿ ತುಕ್ಕು ಕರಗುವುದು ಬಹುಪಾಲು ಬರಿಯ ರಸಾಯನಕ್ರಿಯೆ ಎಂದೇ 1980ರ ದಶಕದವರೆಗೆ ತಿಳಿದಿದ್ದರು. 1987ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಇಂದು ಅದರ ಹೆಸರು ಜಿಯೋಬ್ಯಾಕ್ಟರ್ ಮೆಟಾಲಿರೆಡ್ಯೂಸೆನ್ಸ್. ಮರುವರ್ಷವೇ ಒನೈಡಾ ಸರೋವರದಿಂದ ಶಿವಾನೆಲ್ಲಾ ಕುಲದ ಇನ್ನೊಂದು ಬಂತು. ತುಕ್ಕು ಕರಗದ ವಸ್ತು, ಜೀವಕೋಶದೊಳಗೆ ಹೋಗಲಾರದು. ಹಾಗಾಗಿ ಇವು ಎಲೆಕ್ಟ್ರಾನನ್ನೇ ಹೊರಗೆ ಹೊತ್ತು ಹಾಕುತ್ತವೆ, ಕೆಲವಂತೂ ಪ್ರೋಟೀನಿನ ಎಳೆಗಳನ್ನು ತಂತಿಯಂತೆ ಚಾಚಿ. ಬಾವಿಯ ಪೈಪಿನಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುವ 'ಕಬ್ಬಿಣದ ಬ್ಯಾಕ್ಟೀರಿಯಾ' ಬೇರೆ. ಅವು ಕರಗಿದ ಕಬ್ಬಿಣವನ್ನು ಮತ್ತೆ ತುಕ್ಕು ಮಾಡುತ್ತವೆ. ನಮ್ಮ ಮಾತು ಅದರ ತದ್ವಿರುದ್ಧ ಕೆಲಸ ಮಾಡುವವುಗಳದ್ದು.

ಈ ಕೆಲಸದ ಫಲ ಮನೆಯ ಕೊಡದಲ್ಲಿ ಕಾಣುತ್ತದೆ. ಕಬ್ಬಿಣ ಕರಗಿದ ಬೋರಿನ ನೀರು ಎತ್ತಿದ ಗಳಿಗೆಯಲ್ಲಿ ಕನ್ನಡಿಯಂತಿರುತ್ತದೆ. ರಾತ್ರಿ ತುಂಬಿಟ್ಟ ಕೊಡ ಬೆಳಗಾಗುವಷ್ಟರಲ್ಲಿ ಹಳದಿ ತಿರುಗಿ, ತಳದಲ್ಲಿ ಜಂಗಿನ ಪುಡಿ ಕೂತಿರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣ ದಾಟಿದರೆ ಸಾಕು, ಬಿಳಿ ಬಟ್ಟೆಗೆ ಕಲೆ. ಅದಕ್ಕಿಂತ ದೊಡ್ಡ ಸಂಗತಿ, ತುಕ್ಕು ತನ್ನ ಮೈಗೆ ಅಂಟಿಸಿಕೊಂಡ ಬೇರೆ ವಸ್ತುಗಳದ್ದು. ತುಕ್ಕು ಕರಗಿದಾಗ ಅವೂ ಬಿಡುಗಡೆಯಾಗುತ್ತವೆ. ಬಂಗಾಳದ ಮೆಕ್ಕಲು ಮಣ್ಣಿನಲ್ಲಿ ಆರ್ಸೆನಿಕ್ ನೀರಿಗೆ ಇಳಿಯುವುದರಲ್ಲಿ ಲೋಹ ಉಸಿರಾಡುವ ಬ್ಯಾಕ್ಟೀರಿಯಾಗಳ ಕೈವಾಡವಿದೆ ಎಂಬುದಕ್ಕೆ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗ ಸಾಕ್ಷಿ ಒದಗಿಸಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡಿತು. ಅಲ್ಲಿಯ ಕಲ್ಲು ಬೇರೆ, ಚಿನ್ನದ ಗಣಿಗಳ ಸಾಲಿನದ್ದು. ಬಂಗಾಳದ ಕಾರಣವನ್ನು ಹಾಗೇ ತಂದು ಅಲ್ಲಿಗೆ ಅಂಟಿಸುವಂತಿಲ್ಲ. ಒಂದೇ ವಿಷ ಎರಡು ನೆಲದಲ್ಲಿ ಎರಡು ದಾರಿಯಿಂದ ಬರಬಹುದು ಎಂದಾದ ಮೇಲೆ ಪ್ರತಿ ನೆಲದ ಜೀವಿಗಳನ್ನೂ ಆ ನೆಲದಲ್ಲೇ ಓದಬೇಕಾಗುತ್ತದೆ. ಇವು ಉಪಕಾರಿಗಳೂ ಹೌದು. ಕೊಲರಾಡೊದ ರೈಫಲ್ ಎಂಬಲ್ಲಿ ಯುರೇನಿಯಂ ಬೆರೆತ ಅಂತರ್ಜಲಕ್ಕೆ ಅಸಿಟೇಟ್ ಹಾಕಿದಾಗ ಜಿಯೋಬ್ಯಾಕ್ಟರ್‌ಗಳು ಹೆಚ್ಚಿ ಕರಗಿದ ಯುರೇನಿಯಂ ಇಳಿಯಿತು. ಆ ಜಲಪದರದಿಂದಲೇ ಹೊಸ ಪ್ರಭೇದ ಸಿಕ್ಕು 2008ರಲ್ಲಿ ಜಿಯೋಬ್ಯಾಕ್ಟರ್ ಯುರೇನಿರೆಡ್ಯೂಸೆನ್ಸ್ ಎಂಬ ಹೆಸರು ಪಡೆಯಿತು.

ಇನ್ನು ನಮ್ಮ ನೆಲಕ್ಕೆ ಬರೋಣ. ಬೀದರಿನ ಜಂಬಿಟ್ಟಿಗೆ ಎಂದರೆ ತುಕ್ಕಿನ ಕಣಜ, ಈ ಜೀವಿಗಳು ಉಸಿರಾಡುವ ವಸ್ತುವಿಗೆ ಅಲ್ಲಿ ಬರಗಾಲವಿಲ್ಲ. ಭಾಲ್ಕಿ, ಔರಾದ್ ಕಡೆ ಬಂದರೆ ಎರೆಭೂಮಿ, ಅದರಡಿ ಸುಮಾರು 6.6 ಕೋಟಿ ವರ್ಷದ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಪ್ರತಿ ಪದರದ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ ನೀರು ಹಿಡಿಯುತ್ತದೆ, ನಡುಭಾಗ ಗಟ್ಟಿ ಬಂಡೆ. ಎರಡು ಪದರಗಳ ನಡುವೆ ಕೆಲವೆಡೆ ಇಟ್ಟಿಗೆ ಬಣ್ಣದ ತೆಳು ಮಣ್ಣು ಸಿಕ್ಕಿಹಾಕಿಕೊಂಡಿದೆ, ಒಂದು ಲಾವಾ ಹರಿದು ಇನ್ನೊಂದು ಬರುವ ಮುನ್ನ ಬಿಸಿಲಿಗೆ ಬಿದ್ದು ತುಕ್ಕು ಹಿಡಿದ ನೆಲ. ಕರಿಕಲ್ಲಿನ ಒಳಗಿನ ಕಬ್ಬಿಣ ಬಹುಪಾಲು ಫೆರಸ್ ರೂಪದಲ್ಲಿದ್ದರೆ ಈ ಕೆಂಪು ಮಣ್ಣಿನದು ಫೆರಿಕ್. ಒಂದೇ ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯೊಳಗೆ, ಮೂರು ಬಗೆಯ ಜಲಪದರ: ತುಕ್ಕು ಸಮೃದ್ಧವಾಗಿದ್ದು ಗಾಳಿಯಾಡುವ ಕೆಂಪುಕಲ್ಲು, ತುಕ್ಕು ಕಡಿಮೆಯಿರುವ ಕರಿಕಲ್ಲು, ಎರಡು ಬಂಡೆಯ ನಡುವೆ ಮುಚ್ಚಿಹೋದ ಕೆಂಪು ಮಣ್ಣು. ಹೋಲಿಸಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ತಿಳಿದವರು ಇಲ್ಲಿ ತಕ್ಷಣ ಒಂದು ಆಕ್ಷೇಪ ಎತ್ತುತ್ತಾರೆ, ಅದು ಗಟ್ಟಿ ಆಕ್ಷೇಪ. ತೂತುಕಲ್ಲಿನ ನೀರಿನಲ್ಲಿ ಆಮ್ಲಜನಕ ಬೆರೆತಿರುತ್ತದೆ, ಸಾವಯವ ಆಹಾರ ಕಡಿಮೆ. ಆಮ್ಲಜನಕ ಸಿಗುವ ಕಡೆ ಯಾವ ಜೀವಿಯೂ ತುಕ್ಕಿನಂಥ ಬಡ ಉಸಿರಿಗೆ ಇಳಿಯುವುದಿಲ್ಲ. ತುಕ್ಕು ಎಷ್ಟಿದ್ದರೇನು, ಅದನ್ನು ಬಳಸುವವರು ಅಲ್ಲಿರಲಾರರು ಎನ್ನಬಹುದು. ಆದರೆ ಕಲ್ಲನ್ನೇ ಹತ್ತಿರದಿಂದ ನೋಡಿ. ಜಂಬಿಟ್ಟಿಗೆಯ ಒಂದು ತುಂಡನ್ನು ಒಡೆದರೆ ಒಳಗೆ ಕಡುಗೆಂಪು, ಹಳದಿ, ಬಿಳಿ ಮಚ್ಚೆಗಳು ಒಂದರೊಳಗೊಂದು ಹೆಣೆದಿರುತ್ತವೆ. ಬಿಳಿ ಮಚ್ಚೆ ಎಂದರೆ ಕಬ್ಬಿಣ ಬಿಟ್ಟುಹೋದ ಜಾಗ, ಕಡುಗೆಂಪು ಎಂದರೆ ಅದು ಬಂದು ಸೇರಿದ ಜಾಗ. ತುಕ್ಕಾಗಿಯೇ ಇದ್ದರೆ ಕಬ್ಬಿಣ ನೀರಿನಲ್ಲಿ ನಡೆಯಲಾರದು. ಅದು ಸ್ಥಳ ಬದಲಿಸಬೇಕಾದರೆ ಸಾಮಾನ್ಯವಾಗಿ ಮೊದಲು ಫೆರಸ್ ಆಗಿ ಕರಗಬೇಕು, ಆಮೇಲೆ ಗಾಳಿ ತಾಗಿ ಮತ್ತೆ ಗಟ್ಟಿಯಾಗಬೇಕು. ಅಂತರ್ಜಲ ವರ್ಷವರ್ಷ ಏರಿ ಇಳಿಯುವ ಪಟ್ಟಿಯಲ್ಲಿ, ನೀರು ತುಂಬಿ ಉಸಿರುಗಟ್ಟುವ ಸಣ್ಣ ಸಣ್ಣ ಸಂದುಗಳಲ್ಲಿ ಈ ಕರಗುವಿಕೆ ನಡೆದಿದೆ ಎಂಬುದಕ್ಕೆ ಮಚ್ಚೆಗಳೇ ಕುರುಹು. ಅದರಲ್ಲಿ ಜೀವಿಗಳ ಪಾಲೆಷ್ಟು, ಬರಿಯ ರಸಾಯನದ ಪಾಲೆಷ್ಟು ಎಂಬುದು ಪ್ರಶ್ನೆ. ಬೀದರಿನ ಕಲ್ಲನ್ನು ಹೊರಗಿನವರು ಅಣು ಅಣುವಾಗಿ ಅಳೆದಿದ್ದಾರೆ: ಕಲ್ಲು ಕೊಳೆತು ಮಣ್ಣಾಗುವಾಗ ಲಿಥಿಯಂ ಐಸೊಟೋಪುಗಳು ಹೇಗೆ ಬದಲಾಗುತ್ತವೆ ಎಂಬ 2004ರ ಪ್ರಸಿದ್ಧ ಅಧ್ಯಯನ ಬ್ರಿಟನ್ನಿನ ವಿಜ್ಞಾನಿಗಳದ್ದು, ಮಾದರಿ ಬೀದರಿನದು. ಕಲ್ಲಿಗೆ ಸಿಕ್ಕ ಈ ಗಮನ ಕಲ್ಲಿನೊಳಗಿನ ಜೀವಕ್ಕೂ ಸಲ್ಲಬೇಕು.

ಹಾಗಾದರೆ ನೀರು ತುಂಬಿಕೊಂಡು ಹೋಗಿ ಡಿಎನ್‌ಎ ಓದಿಸಿದರೆ ಮುಗಿಯಲಿಲ್ಲವೇ? ಇದು ಎರಡನೆಯ ಆಕ್ಷೇಪ, ಇಂದಿನ ದಿನಕ್ಕೆ ಬಹಳ ಆಕರ್ಷಕವಾದದ್ದು. ಓದಿಸಬೇಕು, ಅನುಮಾನವೇ ಇಲ್ಲ. 16ಎಸ್ ಎಂಬ ವಂಶವಾಹಿಯನ್ನು ಹೋಲಿಸಿ ಜೀವಿಗಳ ನಂಟು ಗುರುತಿಸುವ ದಾರಿಯನ್ನು ಕಾರ್ಲ್ ವೋಸ್ 1977ರಲ್ಲಿ ತೋರಿಸಿಕೊಟ್ಟರು. ಗೊತ್ತಿರುವ ಪ್ರಭೇದದೊಂದಿಗೆ ಅದರ ಹೋಲಿಕೆ ಶೇ 98.65ಕ್ಕಿಂತ ಕಡಿಮೆಯಾದರೆ ಹೊಸದು ಸಿಕ್ಕಿರಬಹುದು ಎಂದು ಇಂದು ಕಿವಿ ನೆಟ್ಟಗಾಗುತ್ತದೆ. ಇಡೀ ಜೀನೋಮುಗಳನ್ನು ಹೋಲಿಸಿದಾಗ ಸರಾಸರಿ ಸಾಮ್ಯ ಶೇ 95-96ರ ಗೆರೆಯ ಕೆಳಗಿದ್ದರೆ ಬೇರೆ ಪ್ರಭೇದ ಎಂದು ಒಪ್ಪುತ್ತಾರೆ. ಆದರೆ ಇದು ನೆಂಟಸ್ತಿಕೆಯ ಲೆಕ್ಕ, ಕಸುಬಿನ ಲೆಕ್ಕವಲ್ಲ. ಮೀಥೇನ್ ಮಾಡುವ ಜೀವಿಗಳನ್ನು, ಸಲ್ಫೇಟ್ ಉಸಿರಾಡುವವನ್ನು ಗುರುತಿಸಲು ಒಂದೊಂದು ನಂಬಿಕಸ್ಥ ವಂಶವಾಹಿ ಇದೆ. ಕಬ್ಬಿಣ ಉಸಿರಾಡುವವುಗಳಿಗೆ ಎಲ್ಲರಲ್ಲೂ ಇರುವಂಥ ಒಂದು ಗುರುತಿನ ವಂಶವಾಹಿಯೇ ಇಲ್ಲ; ದೂರದೂರದ ಕುಲಗಳು ಬೇರೆ ಬೇರೆ ಉಪಾಯದಿಂದ ಈ ಕಸುಬು ಕಲಿತಿವೆ. ಜಲಪದರಗಳಿಂದಲೇ ಸಿಕ್ಕ ಎರಡನ್ನು ನೋಡಿ, ಪೆಟ್ರೋಲಿಯಂ ಬೆರೆತ ಅಂತರ್ಜಲದ ಜಿಯೋಥ್ರಿಕ್ಸ್ ಫರ್ಮೆಂಟನ್ಸ್, ವರ್ಜೀನಿಯಾದ ರೋಡೊಫೆರಾಕ್ಸ್ ಫೆರಿರೆಡ್ಯೂಸೆನ್ಸ್. ಇವು ಜಿಯೋಬ್ಯಾಕ್ಟರಿಗೆ ಹತ್ತಿರದ ಸಂಬಂಧಿಗಳಲ್ಲ. ಎರಡನೆಯದರ ಕುಲದಲ್ಲಿ ಮೊದಲು ಗೊತ್ತಿದ್ದದ್ದು ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾಗಳು! ಬರಿಯ ಡಿಎನ್‌ಎ ಪಟ್ಟಿ ನೋಡಿ ಇಂಥದ್ದನ್ನು ಊಹಿಸಲು ಯಾರಿಂದ ಸಾಧ್ಯವಿತ್ತು? ಬೆಳೆಸಿ, ತುಕ್ಕು ಕೊಟ್ಟು, ಅದು ಕರಗುವುದನ್ನು ಕಣ್ಣಾರೆ ಕಂಡಾಗಲೇ ಗೊತ್ತಾಗುವ ಮಾತು ಇದು.

ಬೆಳೆಸುವುದು ತಾಳ್ಮೆಯ ಕೆಲಸ. ಫೆರಿಕ್ ಕ್ಲೋರೈಡಿನ ದ್ರಾವಣಕ್ಕೆ ಕ್ಷಾರವನ್ನು ಹನಿಹನಿಯಾಗಿ ಸೇರಿಸಿದರೆ ಕೆಂಪುಗಂದು ಬಣ್ಣದ ಗಂಜಿಯಂಥ ತುಕ್ಕು ಸಿದ್ಧವಾಗುತ್ತದೆ. ಅದನ್ನು ಗಾಜಿನ ಕೊಳವೆಗೆ ಹಾಕಿ, ಒಂದಿಷ್ಟು ಲವಣ, ಆಹಾರಕ್ಕೆ ಅಸಿಟೇಟ್ ಸೇರಿಸಿ, ನೈಟ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾಳಿಯನ್ನೆಲ್ಲ ಹೊರಗಟ್ಟಿ, ದಪ್ಪ ರಬ್ಬರ್ ಬಿರಡೆ ಬಿಗಿಯುತ್ತಾರೆ. ಸಿರಿಂಜಿನಿಂದ ಬಾವಿಯ ತಳದ ಕೆಸರು ಸ್ವಲ್ಪ ಒಳಗೆ. ಕತ್ತಲಲ್ಲಿ ವಾರಗಟ್ಟಲೆ ಕಾಯಬೇಕು. ಕೆಲಸ ಮಾಡುವವರು ಒಳಗಿದ್ದರೆ ಗಂಜಿಯ ಕೆಂಪು ಮೆಲ್ಲಗೆ ಕಂದಿ ಕಪ್ಪಾಗುತ್ತದೆ. ಕೊಳವೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಆ ಕಪ್ಪು ಪುಡಿ ಗಾಜಿಗೆ ಬಂದು ಅಂಟಿಕೊಳ್ಳುತ್ತದೆ, ಅದು ಮ್ಯಾಗ್ನೆಟೈಟ್. ಅಲ್ಲಿಂದ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುವಾಗಿಸುತ್ತ ಹೋಗಿ ಒಂದೇ ಬಗೆಯ ಜೀವಿ ಉಳಿಯುವ ತನಕ ಬಿಡಿಸಬೇಕು. ಇಂಥ ಕೆಲಸ ಬೀದರಿಗೆ ಆಗದು ಎನ್ನುವವರಿಗೆ ಈ ತಂತ್ರದ ಚರಿತ್ರೆಯೇ ಉತ್ತರ. ಗಾಳಿ ಸೋಂಕದಂತೆ ಬ್ಯಾಕ್ಟೀರಿಯಾ ಬೆಳೆಸುವ ಈ ಕೊಳವೆಯ ವಿದ್ಯೆ ಬಂದದ್ದು ದನದ ಹೊಟ್ಟೆಯಿಂದ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಜೀವಿಗಳನ್ನು ಓದಲು ರಾಬರ್ಟ್ ಹಂಗೇಟ್ ಇದನ್ನು ರೂಪಿಸಿದರು. ದೇವಣಿ ದನಗಳ ಈ ಸೀಮೆಯಲ್ಲಿ, ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಚಪ್ಪೆ ಬೇನೆಯ ರೋಗಾಣು ಗಾಳಿಯಲ್ಲಿ ಬೆಳೆಯದ ಜಾತಿಯದು, ಅದನ್ನು ಬೆಳೆಸುವುದು ಪಶುವೈದ್ಯ ಸೂಕ್ಷ್ಮಜೀವಿಶಾಸ್ತ್ರದ ಪಾಠದ ಭಾಗ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಿಂದ ಬೀದರ್ ವಿಶ್ವವಿದ್ಯಾಲಯವೂ ಇದೆ. ಹೊಸ ವಿಶ್ವವಿದ್ಯಾಲಯಕ್ಕೆ ತನ್ನ ನೆಲದ್ದೇ ಆದ, ಬೇರೆ ಯಾರೂ ಸುಲಭಕ್ಕೆ ಮಾಡಲಾಗದ ಒಂದು ಪ್ರಶ್ನೆ ಬೇಕು.

'ಎಲ್ಲವೂ ಎಲ್ಲೆಡೆ ಇದೆ, ಪರಿಸರ ಆರಿಸಿಕೊಳ್ಳುತ್ತದೆ' ಎಂಬ ಅರ್ಥದ ಮಾತೊಂದು ಸೂಕ್ಷ್ಮಜೀವಿಶಾಸ್ತ್ರದಲ್ಲಿ 1934ರಿಂದ ಚಾಲ್ತಿಯಲ್ಲಿದೆ. ಪೊಟೋಮ್ಯಾಕ್‌ನಲ್ಲಿ ಸಿಕ್ಕದ್ದೇ ನಮ್ಮ ಮಾಂಜ್ರಾ ನದಿಯ ದಂಡೆಯಲ್ಲೂ ಸಿಕ್ಕೀತು, ಹೊಸದು ಯಾಕಿರಬೇಕು ಎಂದು ಕೇಳಬಹುದು. ಗಾಳಿ, ಹೊಳೆ, ಧೂಳು ಮುಟ್ಟುವ ಜಾಗಗಳಿಗೆ ಆ ಮಾತು ಒಪ್ಪೀತು. ಬಂಡೆಗಳ ನಡುವೆ ಮುಚ್ಚಿಹೋದ ನೀರಿಗೆ ಅದನ್ನು ಪರೀಕ್ಷೆಯಿಲ್ಲದೆ ಒಪ್ಪಲಾಗದು. ಇದೇ ದಖ್ಖನ್ ಲಾವಾದ ಪಶ್ಚಿಮ ತುದಿಯಲ್ಲಿ, 1967ರ ಭೂಕಂಪದ ಕೊಯ್ನಾದಲ್ಲಿ, ಕೇಂದ್ರ ಭೂವಿಜ್ಞಾನ ಸಚಿವಾಲಯ ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ರಂಧ್ರ ಕೊರೆಸಿತು. ಅಲ್ಲಿಯ ಕಲ್ಲಿನ ತಿರುಳಿನಲ್ಲಿ ಐಐಟಿ ಖರಗ್‌ಪುರದ ತಂಡ ಬ್ಯಾಕ್ಟೀರಿಯಾ, ಆರ್ಕಿಯಾಗಳ ಕುರುಹು ಕಂಡಿತು. ಅಮೆರಿಕದ ಕೊಲಂಬಿಯಾ ಕರಿಕಲ್ಲಿನ ಕಥೆ ಎಚ್ಚರಿಕೆಯನ್ನೂ ಕಲಿಸುತ್ತದೆ. ಕಲ್ಲು ಮತ್ತು ನೀರಿನ ಕ್ರಿಯೆಯಿಂದ ಹುಟ್ಟುವ ಹೈಡ್ರೋಜನ್ ತಿಂದೇ ಅಲ್ಲಿ ಜೀವಿಗಳು ಬದುಕಿವೆ ಎಂದು 1995ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು; ಅಂಥ ನೀರಿನ ಸಹಜ ಸ್ಥಿತಿಯಲ್ಲಿ ಅಷ್ಟು ಹೈಡ್ರೋಜನ್ ಹುಟ್ಟದು ಎಂದು 1998ರಲ್ಲಿ ಇನ್ನೊಂದು ತಂಡ ತಕರಾರು ತೆಗೆಯಿತು. ಭಾಲ್ಕಿ, ಔರಾದಿನ ಕರಿಕಲ್ಲಿನಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೇಳಬಹುದು, ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಮಾದರಿಯದು. ಬೋರ್‌ವೆಲ್‌ನ ಕೇಸಿಂಗ್ ಪೈಪು ಉಕ್ಕಿನದಾದರೆ ಅದೇ ತುಕ್ಕು ಹಿಡಿದು ಈ ಜೀವಿಗಳಿಗೆ ಊಟದ ಎಲೆ ಹಾಸಿಕೊಡುತ್ತದೆ. ಕೊರೆಯುವ ಯಂತ್ರ ಮೇಲಿನ ಮಣ್ಣಿನ ಜೀವಿಗಳನ್ನು ಕೆಳಗೆ ಒಯ್ಯುತ್ತದೆ. ಹೀಗಾಗಿ ಬೋರಿನ ನೀರಿನಲ್ಲಿ ಸಿಕ್ಕದ್ದು ಕಲ್ಲಿನದೋ ಪೈಪಿನದೋ ಹೇಳಲಾಗದು. ಬೀದರಿನ ಹಳೆಯ ಸಂಪತ್ತು ಕೆಲಸಕ್ಕೆ ಬರುವುದು ಇಲ್ಲೇ. ನೌಬಾದಿನ ಸುರಂಗ ಬಾವಿಯನ್ನು ಕೇರಳದ ಭೂಗೋಳ ವಿದ್ವಾಂಸ ವಿ. ಗೋವಿಂದನ್‌ಕುಟ್ಟಿ ಅಳೆದು ನಕ್ಷೆ ಮಾಡಿದರು. ಸುಮಾರು ಮೂರು ಕಿಲೋಮೀಟರ್ ಉದ್ದ, 21 ಗಾಳಿಕಿಂಡಿ. ಉಕ್ಕಿನ ಪೈಪಿಲ್ಲ, ಯಂತ್ರದ ಎಣ್ಣೆಯಿಲ್ಲ, ಕೈಯಿಂದ ಕಡಿದ ಕೆಂಪುಕಲ್ಲಿನ ಗೋಡೆಯಿಂದ ನೀರು ನೇರ ಜಿನುಗುತ್ತದೆ. ಗಾಳಿಕಿಂಡಿ ಇದ್ದ ಮೇಲೆ ಗಾಳಿ, ಎಲೆ, ಬಾವಲಿ ಹಿಕ್ಕೆ ಎಲ್ಲವೂ ಒಳಗೆ ಬರುವುದಿಲ್ಲವೇ? ಬರುತ್ತವೆ. ಆದ್ದರಿಂದ ಹರಿಯುವ ನೀರನ್ನು ತುಂಬಿಕೊಂಡು ಬಂದರೆ ಸಾಲದು. ಗೋಡೆಯ ಬಿರುಕಿನಲ್ಲಿ ಕೈಯಳತೆ ಒಳಗಿನ ಒದ್ದೆ ಜೇಡಿಯನ್ನು ಗಾಳಿ ತಾಗದಂತೆ ತೆಗೆದು, ಅದೇ ಜಾಗದ ಹರಿವ ನೀರಿನ ಜೊತೆಗೂ ಮೇಲಿನ ಮಣ್ಣಿನ ಜೊತೆಗೂ ಹೋಲಿಸಬೇಕು. ಮೇಲಿನ ಮಣ್ಣಿನಲ್ಲಿ ಕಾಣದ್ದು ಒಳಗಿನ ಜೇಡಿಯಲ್ಲಿ ಪದೇಪದೇ ಕಂಡರೆ ಅದಕ್ಕೆ ಅರ್ಥವಿದೆ. ಭಾಲ್ಕಿ, ಔರಾದಿನಲ್ಲಿ ಈ ಪಾತ್ರ ಹಳೆಯ ತೆರೆದ ಬಾವಿಗಳದ್ದು, ಅವುಗಳ ಗೋಡೆಯಲ್ಲಿ ಲಾವಾ ಪದರಗಳ ಅಂಚು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಹೋದಲ್ಲೆಲ್ಲ ಅಳೆಯಲೇಬೇಕು, ನೈಟ್ರೇಟ್. ಆಮ್ಲಜನಕ ಮುಗಿದ ಮೇಲೆ ಜೀವಿಗಳು ಮೊದಲು ಕೈ ಹಾಕುವುದು ಅದಕ್ಕೆ, ತುಕ್ಕಿನ ಸರದಿ ಆಮೇಲೆ. ಈ ಲವಣ ಬೀದರಿಗೆ ಹೊಸತೇನಲ್ಲ. ಬಿದ್ರಿ ಕುಶಲಕರ್ಮಿಗಳು ಕೋಟೆಯ ಹಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ನವಸಾಗರದ ಜೊತೆ ಆ ಮಣ್ಣು ಕುದಿಸಿದ ನೀರಿನಲ್ಲಿ ಸತುವಿನ ಪಾತ್ರೆ ಕಪ್ಪಾಗಿ ಬೆಳ್ಳಿಯ ಬಳ್ಳಿ ಹೊಳೆಯುತ್ತದೆ. ಹಳೆಯ ಗೋಡೆಗಳ ಮಣ್ಣಿನಲ್ಲಿ ಸೇರಿಕೊಳ್ಳುವ ನೈಟ್ರೇಟಿನಂಥ ಲವಣಗಳಿಗೆ ಇದರಲ್ಲಿ ಪಾತ್ರವಿದೆ ಎನ್ನುತ್ತಾರೆ. ಕುಸುರಿಗೆ ಬೇಕಾದ ಈ ಲವಣ ಹೊಲದ ಗೊಬ್ಬರದಿಂದ, ಕೊಟ್ಟಿಗೆಯಿಂದ, ಶೌಚಗುಂಡಿಯಿಂದ ಅಂತರ್ಜಲಕ್ಕೆ ಇಳಿದರೆ ಅಲ್ಲಿಯ ಉಸಿರಾಟದ ಸರದಿಯೇ ಬದಲಾಗುತ್ತದೆ. ಕಬ್ಬು, ಸೋಯಾ, ತೊಗರಿಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಹೊಸ ಜೀವಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಹೆಸರಿಡುವುದು ಇನ್ನೊಂದು ಘಟ್ಟ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಆ ಜೀವಿಯ ಮೂಲ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ, ಯಾರು ಕೇಳಿದರೂ ಕೊಡುವಂತೆ ಇಡಬೇಕು. ಚಂಡೀಗಢದಲ್ಲೊಂದು, ಪುಣೆಯಲ್ಲೊಂದು ಇಟ್ಟರೆ ಎರಡು ಸಂಗ್ರಹಾಲಯವಾಯಿತೇ ಹೊರತು ಎರಡು ದೇಶವಾಗಲಿಲ್ಲ. ಇತ್ತ ನಮ್ಮ 2002ರ ಜೀವವೈವಿಧ್ಯ ಕಾಯ್ದೆ, ದೇಶದ ಜೈವಿಕ ಸಂಪತ್ತು ಕೇಳುವವರಿಲ್ಲದೆ ಹೊರಗೆ ಹೋಗಬಾರದು ಎನ್ನುತ್ತದೆ. ಈ ಎರಡರ ನಡುವೆ ಭಾರತದ ಎಷ್ಟೋ ಸಂಶೋಧಕರು ತೊಡಕು ಅನುಭವಿಸಿದ್ದಾರೆ. ಬೆಳೆಸದೆ ಜೀನೋಮಿನ ಮೇಲೆಯೇ ಹೆಸರಿಡಲು ಅವಕಾಶ ಕೊಡುವ ಸೀಕ್‌ಕೋಡ್ ಎಂಬ ಬದಲಿ ನಿಯಮ 2022ರಲ್ಲಿ ಬಂತು. ಮೇಲೆ ಹೇಳಿದ ಕಾರಣಕ್ಕೆ ಕಬ್ಬಿಣದ ಜೀವಿಗಳ ಮಟ್ಟಿಗೆ ಅದು ಅರ್ಧ ದಾರಿ ಮಾತ್ರ. ಕಾಯ್ದೆಯನ್ನು ಸಡಿಲಿಸಿ ಎಂದು ಹೇಳುವುದಕ್ಕಿಂತ ಅದರ ಒಳ್ಳೆಯ ಭಾಗವನ್ನು ಬಳಸುವುದು ಮೇಲು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ದಾಖಲಾತಿ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ಮರ, ಹಕ್ಕಿ, ಬೀಜಗಳ ಜೊತೆ ಊರಿನ ಬಾವಿ ಮತ್ತು ಒರತೆಗಳಿಗೂ ಒಂದು ಪುಟ ತೆರೆದರೆ, ಮುಂದೆ ಅಲ್ಲಿಂದ ಸಿಕ್ಕ ಜೀವಿಯ ಮೇಲೆ ಊರಿನ ಹಕ್ಕೂ ಕಾಗದದ ಮೇಲೆ ನಿಲ್ಲುತ್ತದೆ. ತೊಡಕಿದ್ದರೂ ಇದು ಆಗದ ಕೆಲಸವಲ್ಲ: ದಖ್ಖನ್ ಕರಿಕಲ್ಲಿನ ಲೋಣಾರ್ ಸರೋವರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ 2010ರಲ್ಲಿ ಇಂಡಿಬ್ಯಾಕ್ಟರ್ ಎಂಬ ಹೆಸರು ಪಡೆದು ಜಗತ್ತಿನ ಪಟ್ಟಿ ಸೇರಿದೆ.

ಕೊನೆಗೆ ಉಳಿಯುವುದು ಔರಾದಿನ ರೈತ ಕೇಳಬಹುದಾದ ಪ್ರಶ್ನೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇಸಿಗೆಯಲ್ಲಿ ಬೋರು ಬತ್ತಿ ಕೊಡ ಹಿಡಿದು ನಿಂತಿರುವಾಗ ನೀರಿನ ಹುಳ ಎಣಿಸುವುದು ಯಾಕೆ? ನೀರಿನ ಬರಕ್ಕೆ ನಾವು ಮಾಡುತ್ತಿರುವ ಎರಡೂ ಉಪಾಯಗಳು ಈ ಜೀವಿಗಳನ್ನು ಮುಟ್ಟುತ್ತವೆ, ಅದಕ್ಕೆ. ಬೋರನ್ನು ಇನ್ನೂ ಆಳಕ್ಕೆ ಇಳಿಸಿದಾಗ ಅದು ನಾಲ್ಕಾರು ಲಾವಾ ಪದರಗಳನ್ನು ತೂರುತ್ತದೆ. ಕೇಸಿಂಗ್ ಇರುವುದು ಮೇಲಿನ ಕೆಲವು ಅಡಿ ಮಾತ್ರ, ಕೆಳಗೆ ಎಲ್ಲ ಪದರಗಳ ನೀರೂ ಒಂದಾಗುತ್ತದೆ. ಕಬ್ಬಿಣ ಕರಗಿದ ನೀರಿಗೆ ಗಾಳಿ ಬೆರೆತ ನೀರು ಸೇರಿದರೆ ತುಕ್ಕು ಇಳಿದು ಸಂದುಗಳು ಕಟ್ಟಿಕೊಳ್ಳಬಹುದು. ಎರಡನೆಯ ಉಪಾಯ ಇಂಗುಗುಂಡಿ, ನಾನು ಮನಸಾರೆ ಒಪ್ಪುವಂಥದ್ದು. ಆದರೆ ಇಂಗುವ ನೀರು ಚರಂಡಿಯ ಕೊಳೆ, ಕೊಳೆತ ಸೊಪ್ಪುಸದೆಯನ್ನು ಹೊತ್ತು ಇಳಿದರೆ, ಆಹಾರವಿಲ್ಲದೆ ಮಲಗಿದ್ದ ಕಬ್ಬಿಣದ ಜೀವಿಗಳಿಗೆ ಉಣಬಡಿಸಿದಂತೆ. ತುಕ್ಕು ಕರಗಿ, ಅದರ ಮೈಗೆ ಅಂಟಿದ್ದೆಲ್ಲ ನೀರಿಗೆ ಬರುತ್ತದೆ. ಅಂತರ್ಜಲ ಮರುಪೂರಣ ಮಾಡಿದ ಕೆಲವು ದೇಶಗಳಲ್ಲಿ ಹೀಗಾದದ್ದಿದೆ. ಯಾವ ಕಲ್ಲಿನಲ್ಲಿ ಯಾವ ಜೀವಿ, ಅದಕ್ಕೆ ಎಷ್ಟು ಆಹಾರ ಸಿಕ್ಕರೆ ಏಳುತ್ತದೆ ಎಂದು ಗೊತ್ತಿದ್ದರೆ ಗುಂಡಿಯ ಬಾಯಿಗೆ ಎಷ್ಟು ಮರಳಿನ ಸೋಸುಪದರ ಬೇಕೆಂದು ಹೇಳಬಹುದು. ಪದರಗಳು ಬೆರೆತುಹೋದ ಮೇಲೆ ಯಾವ ಜೀವಿ ಯಾವ ಕಲ್ಲಿನದೆಂದು ಬಿಡಿಸಿ ಹೇಳಲು ಯಾರಿಂದಲೂ ಆಗದು.

ಮೊದಲ ಮಾದರಿಯನ್ನು ಮೇ ತಿಂಗಳ ಕೊನೆಗೆ, ನೀರು ಅತಿ ಕೆಳಗಿರುವಾಗ ನೌಬಾದಿನ ಸುರಂಗದ ಗೋಡೆಯಿಂದ ತೆಗೆಯಬೇಕು. ಎರಡನೆಯದು ಅದೇ ಬಿರುಕಿನಿಂದ, ಸೆಪ್ಟೆಂಬರಿನಲ್ಲಿ, ಮಳೆನೀರು ಕಲ್ಲಿನೊಳಗೆ ತುಂಬಿ ಸಂದುಗಳ ಗಾಳಿ ಮುಗಿಯುವ ಹೊತ್ತಿಗೆ. ಅದೇ ವಾರ ಭಾಲ್ಕಿಯ ಒಂದು ತೆರೆದ ಬಾವಿ, ಔರಾದಿನ ಒಂದು ತೆರೆದ ಬಾವಿ. ನಾಲ್ಕು ಕೊಳವೆ ಕೆಂಪು ಗಂಜಿ, ನಾಲ್ಕು ರಬ್ಬರ್ ಬಿರಡೆ, ಕತ್ತಲ ಕೋಣೆಯ ಒಂದು ಕಪಾಟು, ಮತ್ತು ವಾರಕ್ಕೊಮ್ಮೆ ಅಯಸ್ಕಾಂತ ಹಿಡಿದು ನೋಡುವ ಒಬ್ಬ ವಿದ್ಯಾರ್ಥಿ.